ಒಂದೇ ಗೊಬ್ಬರ, ಒಂದೇ ತೋಟ, ಕೂಲಿ ಮಾತ್ರ ಎರಡು ರೇಟು: ನಿಮ್ಮ ಕಡೆ ಹೇಗೆ?

ತೋಟದಮನೆ
ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು. ಅಪ್ಪನಿಗೆ ಮಂಡಿ ಆಪರೇಷನ್ ಆದಮೇಲೆ ಬೆಂಗಳೂರಿನ ಕೆಲಸ ಬಿಟ್ಟು ಬಂದು ಅಡಿಕೆ ತೋಟ ನೋಡಿಕೊಳ್ಳುತ್ತಿದ್ದೇನೆ. ಕೂಲಿ ವಿಷಯಕ್ಕೆ ಊರಲ್ಲಿ ಸಣ್ಣ ರಗಳೆ ಆಗಿದೆ.

ನಮ್ಮಲ್ಲಿ ಗಂಡಾಳಿಗೆ 600, ಹೆಣ್ಣಾಳಿಗೆ 400. ಊಟ, ಎರಡು ಹೊತ್ತಿನ ಕಾಫಿ ಇಬ್ಬರಿಗೂ ಒಂದೇ. ಅಪ್ಪನ ಹಳೇ ಡೈರಿ ತೆಗೆದು ನೋಡಿದೆ. ರೂಪಾಯಿ ಬದಲಾಗಿದೆ, ಅಂತರ ಮಾತ್ರ ಹಾಗೇ ಬಂದಿದೆ.

ಮೊನ್ನೆ ತೋಟಕ್ಕೆ ಗೊಬ್ಬರ ಹಾಕಿಸಿದೆ. ಗಂಡಸರು ಗೊಬ್ಬರಗುಂಡಿಯಲ್ಲಿ ನಿಂತು ಬುಟ್ಟಿ ತುಂಬಿಸಿ ಕೊಟ್ಟರು. ಹೆಂಗಸರು ತಲೆ ಮೇಲೆ ಹೊತ್ತು, ಇಳಿಜಾರಿನಲ್ಲಿ ಕಾಲುವೆ ದಾಟಿಕೊಂಡು ಬುಡಬುಡಕ್ಕೂ ಹಾಕಿದರು. ಸಂಜೆ ಲೆಕ್ಕ ಮಾಡುವಾಗ ಎರಡು ರೇಟು ಕೊಡಲು ನನಗೆ ಮನಸ್ಸು ಬರಲಿಲ್ಲ. ಎಲ್ಲರಿಗೂ 600 ಕೊಟ್ಟೆ.

ರಾತ್ರಿಯೇ ಪಕ್ಕದ ತೋಟದ ಹಿರಿಯರ ಫೋನ್ ಬಂತು. 'ಏನಮ್ಮಾ, ನಿನ್ಹತ್ರ ಬೆಂಗಳೂರಿನ ದುಡ್ಡಿದೆ, ಕೊಡ್ತೀಯ. ನಾಳೆ ನಮ್ಮನೇಲೂ ಹಾಗೇ ಕೇಳ್ತಾರಲ್ಲ, ನಾವೆಲ್ಲಿಗೆ ಹೋಗೋಣ?' ಅಂದರು. ಮರುದಿನ ಗಂಡಾಳುಗಳದ್ದು ಇನ್ನೊಂದು ವರಸೆ. 'ಅವರಿಗೆ 600 ಆದ್ರೆ ನಮಗೆ 800 ಆಗ್ಬೇಕಲ್ವಾ ಅಮ್ಮಾ' ಅಂತ. ಅಂದರೆ ಅವರಿಗೆ 600 ಸಾಲದು ಅಂತಲ್ಲ, ನಡುವಿನ 200 ಹೋಗಬಾರದು!

ನಿಮ್ಮ ಮನೆಗಳಲ್ಲಿ ಹೇಗೆ ಮಾಡುತ್ತೀರಿ?

ಹಳೇಸೇತುವೆ
ಶುರುವಾಯ್ತು. ಕಾಫಿ ತಗೊಂಡು ಕೂತಿದ್ದೇನೆ.

ಕೊನೆಗಾರ ಸಾಗರ
ಮೇಡಂ, ನಾನು ಕೊನೆ, ಅಂದರೆ ಅಡಿಕೆ ಗೊನೆ, ತೆಗೆಯುವವನು. ಮಳೆಗಾಲದಲ್ಲಿ ಪಾಚಿ ಹಿಡಿದ ಮರ ಹತ್ತಿ ಬೋರ್ಡೋ ಔಷಧಿ ಹೊಡೆಯುವುದು ಅಂದರೆ ಏನು ಅಂತ ಕೆಳಗೆ ನಿಂತು ಪೈಪ್ ಹಿಡಿದವರಿಗೆ ಗೊತ್ತಾಗುವುದಿಲ್ಲ. ಒಂದು ಮರದಿಂದ ಇನ್ನೊಂದಕ್ಕೆ ತೂಗಿಕೊಂಡು ಹೋಗಬೇಕು. ನಮ್ಮ ಚಿಕ್ಕಪ್ಪ ಬಿದ್ದು ಸೊಂಟ ಮುರಿದುಕೊಂಡು ಮನೆಯಲ್ಲಿದ್ದಾರೆ. ನಮಗೆ ಕೊಡುವುದು ಪ್ರಾಣದ ರೇಟು. ಹೆಂಗಸರೂ ಹತ್ತಲಿ, ಅದೇ ದುಡ್ಡು ತಗೊಳ್ಳಲಿ. ಯಾರು ಬೇಡ ಅಂದರು?

ತೋಟದಮನೆ
ಅಣ್ಣಾ, ಕೊನೆಗಾರರಿಗೆ ನಾನೂ ಬೇರೆಯೇ ಕೊಡುವುದು. ಅದು 600ರ ಲೆಕ್ಕದಲ್ಲೇ ಬರುವುದಿಲ್ಲ. ನಾನು ಕೇಳಿದ್ದು ಗೊಬ್ಬರದ ವಿಷಯ. ಗುಂಡಿಯಲ್ಲಿ ನಿಂತವನಿಗೆ ಜಾಸ್ತಿ, ಹೊತ್ತವಳಿಗೆ ಕಮ್ಮಿ ಯಾಕೆ?

ಕೊನೆಗಾರ ಸಾಗರ
ಆ ಮಾತು ಬೇರೆ. ಆದರೂ ಗೊಬ್ಬರ ಅಗೆದು ತುಂಬುವುದೂ ಸುಮ್ನೆ ಅಲ್ಲ ಮೇಡಂ.

ಕಾಡುಗೇರು
ಮರ ಹತ್ತುವ ನಾಲ್ಕು ಜನರ ಹೆಸರಲ್ಲಿ ಊರಿನ ಎಲ್ಲಾ ಗಂಡಸರೂ ಜಾಸ್ತಿ ಕೂಲಿ ತಗೊಳ್ಳುತ್ತಿದ್ದಾರೆ. ಬೇಲಿ ಕಟ್ಟಲಿ, ಹುಲ್ಲು ಕೊಯ್ಯಲಿ, ಬೀಡಿ ಸೇದುತ್ತಾ ನಿಲ್ಲಲಿ, ರೇಟು ಅದೇ.

ನೇರಮಾತು
ಸುಮ್ನೆ ಭಾವನೆ ತರಬೇಡಿ. ಹೆಂಗಸರು ಬರುವುದೇ ಒಂಬತ್ತೂವರೆಗೆ. ಗಂಡಸರು ಎಂಟೂವರೆಗೆ ತೋಟದಲ್ಲಿರುತ್ತಾರೆ. ಕಮ್ಮಿ ಹೊತ್ತು ಕೆಲಸ, ಕಮ್ಮಿ ಕೂಲಿ. ಇದರಲ್ಲಿ ತಾರತಮ್ಯ ಎಲ್ಲಿದೆ?

ಲೆಕ್ಕದಮೇಷ್ಟ್ರು
ನೇರಮಾತು ಅವರೇ, ಹಾಗಾದರೆ ಲೆಕ್ಕವನ್ನೂ ನೇರವಾಗಿ ಮಾಡೋಣ. ಎಂಟು ಗಂಟೆಗೆ 600 ಅಂದರೆ ಗಂಟೆಗೆ 75. ಒಂದು ಗಂಟೆ ಕಮ್ಮಿ ಮಾಡಿದವರಿಗೆ 525 ಬರಬೇಕು. ಕೊಡುತ್ತಿರುವುದು 400. ಉಳಿದ 125 ಯಾವ ಗಂಟೆಯದು?

ನೇರಮಾತು
ಮೇಷ್ಟ್ರೇ, ಹಳ್ಳಿಯಲ್ಲಿ ಗಂಟೆ ಲೆಕ್ಕ ನಡೆಯುವುದಿಲ್ಲ.

ಲೆಕ್ಕದಮೇಷ್ಟ್ರು
ಗಂಟೆ ಲೆಕ್ಕ ತೆಗೆದದ್ದು ನೀವೇ.

ಹಳೇಸೇತುವೆ
😂😂

ಮೆಟ್ಟುಗತ್ತಿ
ನನ್ನ ಅಮ್ಮ ಹೊಸನಗರ ಕಡೆ ಅಡಿಕೆ ಸುಲಿಯಲು ಹೋಗುತ್ತಾರೆ. ಇಲ್ಲಿ ಯಾರೂ ಅದನ್ನು ಹೇಳಲಿಲ್ಲ ಅಂತ ಬರೆಯುತ್ತಿದ್ದೇನೆ.

ಸುಗ್ಗಿ ಶುರುವಾದರೆ ಹಗಲು ತೋಟ, ಗದ್ದೆ ಕೆಲಸ ಮುಗಿಸಿ, ಮನೆಗೆ ಬಂದು ಅಡುಗೆ ಮಾಡಿಟ್ಟು, ರಾತ್ರಿ ಮತ್ತೆ ಸುಲಿಯಲು ಕೂರುತ್ತಾರೆ. ಹನ್ನೊಂದು, ಹನ್ನೆರಡು ಗಂಟೆಯವರೆಗೆ. ಬೆರಳು ಕಪ್ಪಾಗಿ ಒಡೆದಿರುತ್ತದೆ, ಸುಗ್ಗಿ ಮುಗಿದು ಎಷ್ಟೋ ದಿನದವರೆಗೆ ಬಣ್ಣ ಹೋಗುವುದಿಲ್ಲ. ಅಲ್ಲಿ ದಿನಗೂಲಿ ಇಲ್ಲ, ಡಬ್ಬದ ಲೆಕ್ಕ. ಸುಲಿದಷ್ಟು ದುಡ್ಡು.

ತಮಾಷೆ ಏನು ಗೊತ್ತಾ? ಹಗಲು 400ರ ಹೆಣ್ಣಾಳು ಆಗಿದ್ದವರು ರಾತ್ರಿ ಮೆಟ್ಟುಗತ್ತಿ ಮೇಲೆ ಕೂತರೆ ಪಕ್ಕದಲ್ಲಿ ಕೂತ ಗಂಡಸರಿಗಿಂತ ಜಾಸ್ತಿ ಸುಲಿಯುತ್ತಾರೆ, ಜಾಸ್ತಿ ದುಡ್ಡೂ ತರುತ್ತಾರೆ. ಡಬ್ಬ ಅಳೆಯುವಾಗ ಸುಲಿದವರು ಯಾರು ಅಂತ ಯಾರೂ ಕೇಳುವುದಿಲ್ಲ. ಹಗಲು ಮಾತ್ರ ಮೊದಲು ಸೀರೆಯೋ ಲುಂಗಿಯೋ ಅಂತ ನೋಡಿ ಆಮೇಲೆ ರೇಟು.

ಕಾಡುಗೇರು
ಇದು ನೋಡಿ ಮಾತು. ಎಲ್ಲವನ್ನೂ ಗುತ್ತಿಗೆ, ತೂಕದ ಲೆಕ್ಕ ಮಾಡಿಬಿಟ್ಟರೆ ಜಗಳವೇ ಇಲ್ಲ.

ಗೊರಬಲು
ಅಷ್ಟು ಸುಲಭ ಇಲ್ಲ ಮಾರಾಯ್ರೇ. ಡಬ್ಬಕ್ಕೆ ಎಷ್ಟು ಅಂತ ನಿರ್ಧಾರ ಮಾಡುವವರು ಯಾರು? ಸುಲಿಯುವುದು ಹೆಂಗಸರ ಕೆಲಸ ಅಂತಾದ ಮೇಲೆ ಆ ರೇಟೇ ಕಮ್ಮಿ ಇರುತ್ತದೆ. ಮತ್ತೆ ಡಬ್ಬ. ಕೆಲವು ಮನೆಗಳಲ್ಲಿ ಡಬ್ಬ ಕುಲುಕಿ, ಗೋಪುರದ ಹಾಗೆ ತುಂಬಿಸಿ ಆಮೇಲೆ ಒಂದು ಅಂತ ಬರೆದುಕೊಳ್ಳುತ್ತಾರೆ. ಎರಡು ಮನೆಯ ಡಬ್ಬ ಒಂದೇ ಗಾತ್ರ ಇರುವುದಿಲ್ಲ. ತೂಕ ಹಾಕಿ ಕೊಡಿ ಅಂದರೆ ತಕ್ಕಡಿ ಇಲ್ಲ ಅನ್ನುತ್ತಾರೆ. ಮಂಡಿಗೆ ಕಳಿಸುವಾಗ ಮಾತ್ರ ಗ್ರಾಂ ಲೆಕ್ಕ.

ಲೆಕ್ಕದಮೇಷ್ಟ್ರು
ಗೊರಬಲು ಹೇಳಿದ್ದಕ್ಕೆ ನಮ್ಮ ಜಿಲ್ಲೆಯಲ್ಲೇ ದೊಡ್ಡ ಇತಿಹಾಸ ಇದೆ. ಕಾಗೋಡಿನಲ್ಲಿ ಗೇಣಿದಾರರ ಹೋರಾಟ ಹೊತ್ತಿಕೊಂಡಿದ್ದೇ ಅಳತೆಯ ಮೇಲೆ. ಗೇಣಿ ಭತ್ತ ಅಳೆಯುವ ಕೊಳಗ ಇರಬೇಕಾದ್ದಕ್ಕಿಂತ ದೊಡ್ಡದು ಅಂತ ಜಗಳ. ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನ ಆದದ್ದು ಅದಕ್ಕೇ.

ಸಾಗರದಲೆ
1952 ಅಲ್ವಾ ಅದು?

ಲೆಕ್ಕದಮೇಷ್ಟ್ರು
1951.

ಸಾಗರದಲೆ
ಸರಿ ಸರ್. ನಮ್ಮ ಅಜ್ಜಿ ಹೇಳುವ ಕಥೆಗಳಲ್ಲಿ ಎಲ್ಲವೂ 'ಆ ದೊಡ್ಡ ಮಳೆ ಬಂದ ವರ್ಷ' ಆಗುವುದು. ಗೇಣಿಯ ಹೋರಾಟದಲ್ಲಿ ಹೆಂಗಸರೂ ಜೈಲಿಗೆ ಹೋಗಿದ್ದರು ಅನ್ನುತ್ತಿದ್ದರು. ಉಳುವವನಿಗೆ ಭೂಮಿ ಬಂದಾಗ ಪಹಣಿಯಲ್ಲಿ ಹೆಸರು ಬಂದದ್ದು ಮಾತ್ರ ಅಜ್ಜನದು.

ಒಂದೆಕರೆ
ಎಲ್ಲರೂ ದೊಡ್ಡ ತೋಟದವರ ಮೇಲೆ ಬರೆಯುತ್ತಿದ್ದೀರಿ. ನನಗೆ ಒಂದೆಕರೆ ತೋಟ, ಸ್ವಲ್ಪ ಗದ್ದೆ. ಎಲೆಚುಕ್ಕಿ ರೋಗ ಬಂದು ಮರ ಸೊರಗಿವೆ. ಮಳೆ ಬಿಡದಿದ್ದರೆ ಕೊಳೆರೋಗ. ಔಷಧಿ, ಗೊಬ್ಬರ, ಆಳು ಎಲ್ಲಾ ಏರಿದೆ. ಗಂಡಾಳಿಗೆ ಕೊಟ್ಟಷ್ಟೇ ಹೆಣ್ಣಾಳಿಗೂ ಕೊಡಿ ಅಂದರೆ ನಾನು ಅಡಿಕೆ ಬಿಟ್ಟು ಬೆಂಗಳೂರಿಗೆ ಸೆಕ್ಯುರಿಟಿ ಕೆಲಸಕ್ಕೆ ಹೋಗಬೇಕು.

ಅಲ್ಲದೆ ಈಗ ಗೃಹಲಕ್ಷ್ಮಿ ದುಡ್ಡು ಬರುತ್ತದೆ, ಬಸ್ಸು ಫ್ರೀ, ಉದ್ಯೋಗ ಖಾತರಿ ಬೇರೆ. ಕರೆದರೂ ಬರುವವರಿಲ್ಲ.

ಇನ್ನೊಂದು ಹೇಳುತ್ತೇನೆ, ನಗಬೇಡಿ. ನನ್ನ ಹೆಂಡತಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಇದೇ ತೋಟದಲ್ಲಿ ದುಡಿಯುತ್ತಾಳೆ. ಅವಳ ಕೂಲಿ ಸೊನ್ನೆ. ಅವಳಿಗೂ 600 ಹಾಕಿದರೆ ಬೇಸಾಯದ ಲೆಕ್ಕ ತೆಗೆದ ದಿನವೇ ನಾನು ದಿವಾಳಿ.

ಮೆಟ್ಟುಗತ್ತಿ
ಅಣ್ಣಾ, ಗೃಹಲಕ್ಷ್ಮಿ ತಿಂಗಳಿಗೆ 2000. ನಿಮ್ಮ 400ರ ಲೆಕ್ಕದಲ್ಲಿ ಐದು ದಿನದ ಕೂಲಿ. ಉಳಿದ ದಿನ ಅಮ್ಮ ಏನು ತಿನ್ನಬೇಕು? ಕರೆದರೂ ಬರದೇ ಇರುವುದಕ್ಕೆ ಕಾರಣ ಆ 2000 ಅಲ್ಲ. ಇನ್ನೊಬ್ಬರು ನಿಮಗಿಂತ 50 ಜಾಸ್ತಿ ಕೊಟ್ಟು ಕರೆದಿರುತ್ತಾರೆ. ಫ್ರೀ ಬಸ್ಸಿನಿಂದ ಅವರಿಗೆ ಪೇಟೆಯವರೆಗೆ ಹೋಗಿ ಕೆಲಸ ಹುಡುಕಲು ಆಗಿದೆ. ಮೊದಲು ನಿಮ್ಮೂರಿನ ಹೆಣ್ಣಾಳು ನಿಮ್ಮೂರು ಬಿಟ್ಟು ಹೋಗುವ ಹಾಗಿರಲಿಲ್ಲ, ಅಷ್ಟೇ.

ಪಂಚಾಯ್ತಿಕಟ್ಟೆ
ಉದ್ಯೋಗ ಖಾತರಿ ಬಗ್ಗೆ ಒಂದು ಮಾತು. ಅಲ್ಲಿ ಗಂಡು, ಹೆಣ್ಣು ಇಬ್ಬರಿಗೂ ಒಂದೇ ಕೂಲಿ. ಕರ್ನಾಟಕದಲ್ಲಿ 2024-25ರಲ್ಲಿ ದಿನಕ್ಕೆ 349, 2025-26ರಲ್ಲಿ 370. ಈಗ ಯೋಚನೆ ಮಾಡಿ. ಹೊರಗೆ 600 ಸಿಗುವ ಗಂಡಸು 370ಕ್ಕೆ ಯಾಕೆ ಬರುತ್ತಾನೆ? ಹೊರಗೆ 400, ಅದೂ ದಿನಾ ಇಲ್ಲ ಅನ್ನುವ ಹೆಂಗಸಿಗೆ ಊರಲ್ಲೇ 370 ಸಿಕ್ಕರೆ ಸಾಕು. ಇಂಗುಗುಂಡಿ ತೆಗೆಯುವ ಜಾಗಕ್ಕೆ ಹೋಗಿ ನೋಡಿ, ಹೆಂಗಸರೇ ಜಾಸ್ತಿ. ಪಿಕಾಸಿ, ಗುದ್ದಲಿ ಎಲ್ಲಾ ಅವರ ಕೈಯಲ್ಲೇ. 'ಅಗೆಯುವುದು ಗಂಡಸರ ಕೆಲಸ' ಅನ್ನುವ ಮಾತು ಅಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ.

ದುಡ್ಡು ಖಾತೆಗೆ ಬೀಳುವುದು ತಡ. ಅದು ಬೇರೆ ಗೋಳು.

ಒಂದೆಕರೆ
ತಡ ಅಂದಿರಲ್ಲ, ನಾನು ಅದೇ ದಿನ ಸಂಜೆ ಕೈಗೆ ಕೊಡುತ್ತೇನೆ.

ಸೀಮೆಸುಣ್ಣ
ಕೂಲಿಯವರದ್ದು ಕಣ್ಣಿಗೆ ಕಾಣುತ್ತದೆ. ನಮ್ಮದು ಕಾಣುವುದಿಲ್ಲ. ಶಿವಮೊಗ್ಗದ ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. ನನ್ನ ನಂತರ ಸೇರಿದ ಮೇಷ್ಟ್ರು, ಅದೇ ಡಿಗ್ರಿ, ಅದೇ ಬಿ.ಎಡ್., ಅದೇ ತರಗತಿ. ಅವರ ಸಂಬಳ ನನ್ನದಕ್ಕಿಂತ ಜಾಸ್ತಿ ಅಂತ ಆಕಸ್ಮಿಕವಾಗಿ ತಿಳಿಯಿತು. ಕೇಳಲು ಹೋದರೆ ಆಡಳಿತದವರು ನಗುನಗುತ್ತಾ 'ಅವರು ಮನೆ ನಡೆಸಬೇಕಲ್ಲ ಮಿಸ್. ನಿಮ್ಮ ಯಜಮಾನರ ಸಂಬಳ ಇದೆಯಲ್ಲ' ಅಂದರು.

ನನ್ನ ಪಕ್ಕದ ಟೇಬಲ್ಲಿನ ಟೀಚರ್ ಗಂಡ ತೀರಿಕೊಂಡವರು, ಇಬ್ಬರು ಮಕ್ಕಳು. ಅವರಿಗೂ ನನ್ನಷ್ಟೇ ಸಂಬಳ. 'ಹಾಗಾದರೆ ಅವರಿಗೆ ಜಾಸ್ತಿ ಮಾಡಿ ಸರ್' ಅಂದೆ. ಅದಕ್ಕೆ ಬಂದ ಉತ್ತರ, 'ಬೆಲ್ ಆಯ್ತು ಮಿಸ್.'

ತುಂಗಾತೀರ
'ಯಜಮಾನರ ಸಂಬಳ ಇದೆಯಲ್ಲ' ಅನ್ನುವ ಮಾತನ್ನು ಮದುವೆ ಆಗದ ಹುಡುಗರಿಗೆ 'ಅಪ್ಪನ ಸಂಬಳ ಇದೆಯಲ್ಲ' ಅಂತ ಯಾರೂ ಹೇಳುವುದಿಲ್ಲ. ಗಮನಿಸಿದ್ದೀರಾ?

ಕಾನೂನುಕಟ್ಟೆ
ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ಸಂವಿಧಾನದ 39ನೇ ವಿಧಿಯಲ್ಲಿ ಗಂಡು ಹೆಣ್ಣಿಗೆ ಸಮಾನ ಕೆಲಸಕ್ಕೆ ಸಮಾನ ವೇತನ ಅನ್ನುವ ಮಾತು ಇದೆ. ಆದರೆ ಅದು ನಿರ್ದೇಶಕ ತತ್ವ, ನೇರವಾಗಿ ಕೋರ್ಟಿನಲ್ಲಿ ಕೇಳುವ ಹಾಗಿಲ್ಲ. ಅದಕ್ಕೇ 1976ರಲ್ಲಿ ಸಮಾನ ವೇತನ ಕಾಯ್ದೆ ಬಂತು. ಅದನ್ನು 2019ರ ವೇತನ ಸಂಹಿತೆಯಲ್ಲಿ ಸೇರಿಸಿದ್ದಾರೆ. ಒಂದೇ ಕೆಲಸ ಅಥವಾ ಒಂದೇ ಬಗೆಯ ಕೆಲಸಕ್ಕೆ ಲಿಂಗ ನೋಡಿ ಸಂಬಳ ಬೇರೆ ಮಾಡಬಾರದು. ಒಂದೇ ಬಗೆಯದು ಅಂದರೆ ಕೌಶಲ, ಶ್ರಮ, ಅನುಭವ, ಜವಾಬ್ದಾರಿ ಸಮ ಇರಬೇಕು.

ತೋಟದಮನೆಯವರಿಗೆ ಉಪಯೋಗ ಆಗುವ ವಿಷಯ ಇದು. ಸಮ ಮಾಡುವ ನೆಪದಲ್ಲಿ ಯಾರ ಕೂಲಿಯನ್ನೂ ಇಳಿಸುವ ಹಾಗಿಲ್ಲ. ಎಲ್ಲರಿಗೂ 500 ಮಾಡಿ ಕೈತೊಳೆದುಕೊಳ್ಳೋಣ ಅಂದರೆ ಕಾಯ್ದೆ ಒಪ್ಪುವುದಿಲ್ಲ. ಕಮ್ಮಿ ಇದ್ದದ್ದು ಮೇಲೆ ಬರಬೇಕು.

ಇನ್ನು ರಾಜ್ಯ ಸರ್ಕಾರದ ಕನಿಷ್ಠ ಕೂಲಿ ಪಟ್ಟಿಯಲ್ಲಿ ಗಂಡಾಳು, ಹೆಣ್ಣಾಳು ಅಂತ ಎರಡು ಕಾಲಂ ಇಲ್ಲ. ಬೇಸಾಯದ ಕೆಲಸ 1948ರ ಕನಿಷ್ಠ ವೇತನ ಕಾಯ್ದೆ ಬಂದಾಗಿನಿಂದಲೂ ಅದರೊಳಗೆ ಇತ್ತು, ಆ ಕಾಯ್ದೆಯೂ ಈಗ ವೇತನ ಸಂಹಿತೆಯಲ್ಲೇ ಸೇರಿದೆ. ಎರಡು ಕಾಲಂ ಇರುವುದು ನಮ್ಮ ಡೈರಿಗಳಲ್ಲಿ ಮಾತ್ರ.

ನೇರಮಾತು
ಒಂದೇ ಬಗೆಯ ಕೆಲಸ ಅಂದರೆ ತಾನೇ? ಗೊಬ್ಬರ ತುಂಬುವುದು ಒಂದು ಕೆಲಸ, ಹೊರುವುದು ಇನ್ನೊಂದು. ನಿಮ್ಮ ಕಾನೂನಿನಲ್ಲೇ ನಾನು ಗೆದ್ದೆ.

ಕಾನೂನುಕಟ್ಟೆ
1987ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಒಂದು ಕಂಪನಿ ಹೆಚ್ಚು ಕಮ್ಮಿ ಇದನ್ನೇ ಹೇಳಿತ್ತು. ಮೆಕಿನನ್ ಮೆಕೆಂಜಿ ಕಂಪನಿ, ಎದುರಿಗೆ ಆಡ್ರಿ ಡಿಕೋಸ್ಟಾ ಅನ್ನುವ ಸ್ಟೆನೋಗ್ರಾಫರ್. ಹೆಂಗಸರಿಗೆ 'ಕಾನ್ಫಿಡೆನ್ಶಿಯಲ್ ಲೇಡಿ ಸ್ಟೆನೋಗ್ರಾಫರ್' ಅಂತ ಬೇರೆ ಹೆಸರು, ಕಮ್ಮಿ ಸಂಬಳ. 'ಈ ವರ್ಗದಲ್ಲಿ ಗಂಡಸರೇ ಇಲ್ಲ, ಹೋಲಿಸುವುದು ಯಾರ ಜೊತೆ' ಅನ್ನುವುದು ಕಂಪನಿಯ ವಾದ. ಕೋರ್ಟ್ ಒಪ್ಪಲಿಲ್ಲ. ಯೂನಿಯನ್ ಜೊತೆ ಒಪ್ಪಂದ ಆಗಿದೆ ಅಂದದ್ದೂ ನಡೆಯಲಿಲ್ಲ, ಕೈಯಲ್ಲಿ ದುಡ್ಡಿಲ್ಲ ಅಂದದ್ದೂ ನಡೆಯಲಿಲ್ಲ.

ಆದರೆ ನೇರಮಾತು ಎತ್ತಿದ ಪ್ರಶ್ನೆ ಪೂರ್ತಿ ತೆಗೆದುಹಾಕುವಂಥದ್ದಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1951ರ 100ನೇ ಒಡಂಬಡಿಕೆ ಹೇಳುವುದು ಸಮಾನ ಮೌಲ್ಯದ ಕೆಲಸಕ್ಕೆ ಸಮಾನ ವೇತನ ಅಂತ. ಅಂದರೆ ಕೆಲಸ ಬೇರೆ ಇದ್ದರೂ ತೂಕ ಒಂದೇ ಇದ್ದರೆ ಸಾಕು. ಭಾರತ 1958ರಲ್ಲೇ ಅದಕ್ಕೆ ಸಹಿ ಹಾಕಿದೆ. ನಮ್ಮ ಕಾಯ್ದೆ ಅಷ್ಟು ದೂರ ಹೋಗಿಲ್ಲ. ಗಂಡಸರಿಗೊಂದು ಕೆಲಸ, ಹೆಂಗಸರಿಗೊಂದು ಕೆಲಸ ಅಂತ ಮೊದಲೇ ಪಾಲು ಮಾಡಿಟ್ಟರೆ ನಮ್ಮ ಕಾಯ್ದೆಗೆ ಹಿಡಿಯಲು ಏನೂ ಸಿಗುವುದಿಲ್ಲ.

ಗೊರಬಲು
ಇಡೀ ಚರ್ಚೆಯಲ್ಲಿ ಇದೇ ಮುಖ್ಯ. ನಮ್ಮ ಊರುಗಳಲ್ಲಿ ಇಬ್ಬರೂ ಒಂದೇ ಕೆಲಸ ಮಾಡುವ ದಿನವೇ ಕಮ್ಮಿ. ನಾಟಿ, ಕಳೆ, ಸುಲಿಯುವುದು, ಆರಿಸುವುದು, ಗೊಬ್ಬರ ಹೊರುವುದು ಹೆಂಗಸರದು. ಹತ್ತುವುದು, ಅಗೆಯುವುದು, ಹೂಡುವುದು ಗಂಡಸರದು. ದಿನವಿಡೀ ಕೆಸರಿನಲ್ಲಿ ಸೊಂಟ ಬಗ್ಗಿಸಿ ನಿಲ್ಲುವುದು 'ಹಗುರದ ಕೆಲಸ' ಅಂತ ಹೇಳಿದವರು ಒಮ್ಮೆಯಾದರೂ ಗದ್ದೆಗೆ ಇಳಿದಿದ್ದಾರಾ ಅಂತ ನನಗೆ ಅನುಮಾನ.

ಸೂಜಿದಾರ
ಗಾರ್ಮೆಂಟ್ಸ್‌ನಲ್ಲೂ ಹೀಗೇ. ನಾನು ಟೈಲರ್. ನಮ್ಮ ಬ್ಯಾಚಿನಲ್ಲಿ ಎಲ್ಲಾ ಹೆಂಗಸರು. ಸೂಪರ್‌ವೈಸರ್ ಗಂಡಸು, ಫ್ಲೋರ್ ಇನ್‌ಚಾರ್ಜ್ ಗಂಡಸು, ಕಟಿಂಗ್ ಸೆಕ್ಷನ್ ಗಂಡಸರು. ಸ್ಲಿಪ್ಪಿನಲ್ಲಿ ಗಂಡು ಹೆಣ್ಣು ಅಂತ ಎಲ್ಲೂ ಬರೆದಿಲ್ಲ, ಗ್ರೇಡ್ ಅಂತ ಬರೆದಿದೆ. ಮೆಲ್ಲಗೆ ನೋಡಿದರೆ ಕೆಳಗಿನ ಗ್ರೇಡಿನಲ್ಲಿ ನಾವೇ ತುಂಬಿದ್ದೇವೆ. ಕಾಲರ್ ಕೂರಿಸುವುದು ಎಷ್ಟು ಕಷ್ಟ ಅಂತ ಕಟಿಂಗ್‌ನವರನ್ನು ಕೂರಿಸಿ ನೋಡಬೇಕು. ಗಂಟೆಗೆ ಇಷ್ಟು ಪೀಸ್ ಅಂತ ಟಾರ್ಗೆಟ್. ನೀರು ಕುಡಿದರೆ ಬಾತ್‌ರೂಮಿಗೆ ಹೋಗಬೇಕಾಗುತ್ತದೆ ಅಂತ ಕುಡಿಯುವುದೇ ಇಲ್ಲ ಕೆಲವರು.

ತುಂಗಾತೀರ
ಸೂಜಿದಾರ ಅಕ್ಕ, 1968ರಲ್ಲಿ ಇಂಗ್ಲೆಂಡಿನ ಡ್ಯಾಗನಮ್‌ನಲ್ಲಿ ಫೋರ್ಡ್ ಕಾರ್ಖಾನೆಯ ಹೊಲಿಗೆ ಹೆಂಗಸರು ಇದೇ ಕಾರಣಕ್ಕೆ ಮುಷ್ಕರ ಮಾಡಿದ್ದರು. ಕಾರಿನ ಸೀಟ್ ಕವರ್ ಹೊಲಿಯುವ ಕೆಲಸ ಕೌಶಲದ್ದಲ್ಲ ಅಂತ ಕಂಪನಿ ಕೆಳಗಿನ ಗ್ರೇಡಿಗೆ ಹಾಕಿತ್ತು. ಅವರು ಮಿಷನ್ ನಿಲ್ಲಿಸಿದರು. ಸೀಟೇ ಇಲ್ಲದ ಮೇಲೆ ಕಾರು ಎಲ್ಲಿ ಹೊರಗೆ ಬರುತ್ತದೆ? ಆ ಗಲಾಟೆಯಿಂದಲೇ 1970ರಲ್ಲಿ ಬ್ರಿಟನ್ನಿನಲ್ಲಿ ಸಮಾನ ವೇತನ ಕಾಯ್ದೆ ಬಂತು. ಆದರೆ ಅವರು ಕೇಳಿದ ಗ್ರೇಡ್ ಸಿಗಲು 1984ರವರೆಗೆ ಕಾಯಬೇಕಾಯಿತು. ಇನ್ನೊಂದು ಮುಷ್ಕರ ಮಾಡಿದ ಮೇಲೆ.

ಸೂಜಿದಾರ
ನಮ್ಮವರೂ ಕಮ್ಮಿ ಇಲ್ಲ. 2016ರ ಏಪ್ರಿಲ್‌ನಲ್ಲಿ ಪಿಎಫ್ ದುಡ್ಡು ತೆಗೆಯಲು ಹೊಸ ನಿಯಮ ತಂದಾಗ ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಹೆಂಗಸರು ರಸ್ತೆಗೆ ಇಳಿದು ಊರನ್ನೇ ನಿಲ್ಲಿಸಿದ್ದರು. ಕೇಂದ್ರ ಸರ್ಕಾರ ನಿಯಮ ವಾಪಸ್ ತಗೊಂಡಿತು. ಆಗ ನನ್ನ ಅಕ್ಕ ಅಲ್ಲಿದ್ದಳು.

ಕವರ್ ಡ್ರೈವ್
ಕ್ರಿಕೆಟ್‌ನಲ್ಲಿ ಈ ಸಮಸ್ಯೆ ಮುಗಿದೇ ಹೋಯಿತು ಗೊತ್ತಾ? 2022ರ ಅಕ್ಟೋಬರ್‌ನಲ್ಲಿ ಬಿಸಿಸಿಐ ಇಬ್ಬರಿಗೂ ಒಂದೇ ಮ್ಯಾಚ್ ಫೀಸ್ ಮಾಡಿತು. ಟೆಸ್ಟಿಗೆ 15 ಲಕ್ಷ, ಒಂದು ದಿನದ್ದಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ.

ಕಾಡುಗೇರು
ಫೀಸ್ ಸಮ, ಆದರೆ ಟೆಸ್ಟ್ ಆಡಿಸುವುದು ಯಾವಾಗ? ವರ್ಷದ ಕಾಂಟ್ರಾಕ್ಟಿನಲ್ಲಿ ಅವರ ಮೇಲಿನ ಗ್ರೇಡಿಗೆ 50 ಲಕ್ಷ, ಗಂಡಸರ ಎ ಪ್ಲಸ್‌ಗೆ 7 ಕೋಟಿ ಅಂತ ಇತ್ತಲ್ಲ.

ಕವರ್ ಡ್ರೈವ್
ಟಿಕೆಟ್ ಯಾರದ್ದು ಜಾಸ್ತಿ ಮಾರಾಟ ಆಗುತ್ತದೆ ನೋಡಿ. ಆದರೂ ನಮ್ಮ ಮಲೆನಾಡಿನ ವೇದಾ ಕೃಷ್ಣಮೂರ್ತಿ ಇಂಡಿಯಾ ಟೀಮಿಗೆ ಆಡಿದ್ದು ಹೆಮ್ಮೆ.

ಬಯಲುಸೀಮೆಯವ
ರೀ, ಅವರು ಕಡೂರಿನವರು. ಕಡೂರು ಯಾವಾಗ ಮಲೆನಾಡಿಗೆ ಸೇರಿತು? ಅಡಿಕೆ, ಕಾಫಿ ಎಲ್ಲಾ ನಿಮಗೇ ಇರಲಿ, ಅವರನ್ನು ನಮಗೆ ಬಿಡಿ.

ನಿರ್ವಾಹಕ
ಕಡೂರು ಎಲ್ಲಿದೆ ಅನ್ನುವುದಕ್ಕೆ ಬೇರೆ ಎಳೆ ತೆರೆಯಿರಿ. ಇಲ್ಲಿ ಕೂಲಿ, ಸಂಬಳದ ವಿಷಯ ಮಾತ್ರ.

ನೇರಮಾತು
ಕೂಲಿ ಬಿಡಿ, ಆಫೀಸಿನ ಕೆಲಸಕ್ಕೆ ಬನ್ನಿ. ಅಲ್ಲಿ ಯಾರೂ ಹೆಣ್ಣು ಅಂತ ಕಮ್ಮಿ ಕೊಡುವುದಿಲ್ಲ. ಅವರೇ ಹೊತ್ತಿಗೆ ಸರಿಯಾಗಿ ಮನೆಗೆ ಹೋಗಬೇಕು ಅನ್ನುತ್ತಾರೆ, ಟ್ರಾನ್ಸ್‌ಫರ್ ಬೇಡ ಅನ್ನುತ್ತಾರೆ. ಅವರ ಆಯ್ಕೆ.

ಲೆಕ್ಕದಮೇಷ್ಟ್ರು
2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದ ಕ್ಲಾಡಿಯಾ ಗೋಲ್ಡಿನ್ ಇದನ್ನೇ ಹುಡುಕಿದವರು. ಅಮೆರಿಕದ ಇನ್ನೂರು ವರ್ಷದ ದಾಖಲೆ ತೆಗೆದು ನೋಡಿದರು. ಹಿಂದೆ ಓದು, ಉದ್ಯೋಗದ ವ್ಯತ್ಯಾಸದಿಂದ ಸಂಬಳದ ಅಂತರ ಇತ್ತು. ಈಗ ಒಂದೇ ಓದು, ಒಂದೇ ಉದ್ಯೋಗದವರ ನಡುವೆಯೇ ಅಂತರ ಇದೆ. ಅದು ದೊಡ್ಡದಾಗುವುದು ಮೊದಲ ಮಗು ಹುಟ್ಟಿದ ಮೇಲೆ. ಹೊತ್ತುಗೊತ್ತಿಲ್ಲದೆ ಕೆಲಸಕ್ಕೆ ಸಿಗುವವರಿಗೆ ಕಂಪನಿಗಳು ಜಾಸ್ತಿ ಕೊಡುತ್ತವೆ. ಹಾಗೆ ಸಿಗಬೇಕಾದರೆ ಮನೆಯಲ್ಲಿ ಮಗು ನೋಡಲು ಇನ್ನೊಬ್ಬರು ಇರಬೇಕು.

ನಮ್ಮ ದೇಶದ್ದು ಕೇಳಿ. 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಮನೆಗೆಲಸ ಮಾಡುವ ಗಂಡಸರು ಕೊಡುವುದು 97. ನೇರಮಾತು ಅವರೇ, ಹೆಂಗಸರು ತೋಟಕ್ಕೆ ಒಂಬತ್ತೂವರೆಗೆ ಬರುತ್ತಾರೆ ಅಂದಿರಲ್ಲ. ಎಂಟೂವರೆಗೆ ಬಂದವರ ತಿಂಡಿ ಮಾಡಿದ್ದು ಯಾರು?

ನೇರಮಾತು
ನಮ್ಮನೆಯಲ್ಲಿ ತಿಂಡಿ ನಾನೇ ಮಾಡುವುದು ಸರ್.

ಸಾಗರದಲೆ
ನಿಮ್ಮ ಮನೆಯವರನ್ನು ಇಲ್ಲಿಗೆ ಕರೆಯಿರಿ, ಕೇಳೋಣ.

ಪೇಟೆಬೀದಿ
ನಾನು ಶಿವಮೊಗ್ಗದಲ್ಲಿ ಸಣ್ಣ ಸಾಫ್ಟ್‌ವೇರ್ ಕಂಪನಿ ನಡೆಸುತ್ತೇನೆ. ಬಾಯಿಬಿಟ್ಟು ಹೇಳುವವರು ಕಮ್ಮಿ ಅಂತ ಹೇಳುತ್ತಿದ್ದೇನೆ. 2017ರಲ್ಲಿ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿದರು. ಒಳ್ಳೆಯದೇ. ಆದರೆ ಆ ಸಂಬಳ ಪೂರ್ತಿ ನಾನು ಕೊಡಬೇಕು, ಅದೇ ಹೊತ್ತಿಗೆ ಬದಲಿ ಜನವನ್ನೂ ಇಟ್ಟುಕೊಳ್ಳಬೇಕು. ನನ್ನ ಹಾಗಿನ ಎಷ್ಟೋ ಜನ ಇಂಟರ್‌ವ್ಯೂನಲ್ಲಿ ಮದುವೆ ಆದ ಹುಡುಗಿಯರನ್ನು ಸುಮ್ನೆ ಬಿಟ್ಟುಬಿಡುತ್ತಾರೆ. ಇಲ್ಲವೇ ಮೊದಲೇ ಕಮ್ಮಿ ಸಂಬಳ ಹೇಳುತ್ತಾರೆ.

ಕಾನೂನುಕಟ್ಟೆ
ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿ ಇರುವವರಿಗೆ ಹೆರಿಗೆ ಸೌಲಭ್ಯದ ದುಡ್ಡು ಇಎಸ್‌ಐ ಕೊಡುತ್ತದೆ, ಮಾಲೀಕರಲ್ಲ. ಗಾರ್ಮೆಂಟ್ಸ್‌ನ ಹೆಚ್ಚಿನವರು ಅದರಲ್ಲೇ ಬರುತ್ತಾರೆ. ನಿಮ್ಮವರ ಸಂಬಳ ಇಎಸ್‌ಐನ ಸಂಬಳ ಮಿತಿ ದಾಟಿದ್ದರೆ ಮಾತ್ರ ನಿಮ್ಮ ತಲೆ ಮೇಲೆ.

ಪೇಟೆಬೀದಿ
ಮಿತಿ ದಾಟಿದವರದ್ದೇ ನಾನು ಹೇಳುತ್ತಿರುವುದು. ಅವರ ಭಾರವನ್ನೂ ಸರ್ಕಾರ ಹಂಚಿಕೊಂಡರೆ ಯಾರೂ ಆ ಪ್ರಶ್ನೆ ಕೇಳುವುದಿಲ್ಲ.

ನೀಲಿಸೀರೆ
ಆಶಾ ಕಾರ್ಯಕರ್ತೆ ನಾನು. ಸಂಬಳವೇ ಇಲ್ಲದವರು ಅಂತರದ ಬಗ್ಗೆ ಏನು ಮಾತಾಡುವುದು? ಹೆರಿಗೆಗೆ ರಾತ್ರಿ ಎರಡು ಗಂಟೆಗೆ ಫೋನ್ ಬಂದರೂ ಹೋಗುತ್ತೇವೆ. ಮಳೆಗಾಲದಲ್ಲಿ ಕಾಲುಸಂಕ ದಾಟಿ ಮನೆಮನೆ ಸರ್ವೆ. ಆದರೂ ಲೆಕ್ಕದಲ್ಲಿ ನಾವು ನೌಕರರಲ್ಲ, ಗೌರವಧನದವರು. ಗಂಡಸರು ಮಾಡುವ ಕೆಲಸ ಆಗಿದ್ದರೆ ಇಷ್ಟು ವರ್ಷ ಹೀಗೇ ಬಿಡುತ್ತಿದ್ದರಾ?

ಸೀಮೆಸುಣ್ಣ
ನೀಲಿಸೀರೆ ಅಕ್ಕ, ನಿಮ್ಮ ಪ್ರಶ್ನೆಗೆ ಇಲ್ಲಿ ಯಾರೂ ವಾದ ಮಾಡಲು ಬರುವುದಿಲ್ಲ ನೋಡಿ.

ದೋಟಿ ಹುಡುಗ
ತಡವಾಗಿ ನೋಡಿದೆ. ನಮ್ಮದು ಫೈಬರ್ ದೋಟಿ (ಉದ್ದನೆಯ ಕೋಲು) ಟೀಮು. ನೆಲದಲ್ಲಿ ನಿಂತೇ ಕೊನೆ ಇಳಿಸುತ್ತೇವೆ, ಔಷಧಿ ಹೊಡೆಯುತ್ತೇವೆ. ಮರ ಹತ್ತುವ ಕೆಲಸ ನಮ್ಮ ಕಡೆ ಕಮ್ಮಿ ಆಗುತ್ತಿದೆ. ಹಾಗಿದ್ದರೂ ದೋಟಿ ಹಿಡಿಯುವವರು ಎಲ್ಲಾ ಗಂಡಸರೇ, ಹತ್ತುವವರಿಗೆ ಕೊಡುತ್ತಿದ್ದಂಥ ರೇಟೇ ನಮಗೂ. ಕತ್ತು, ಭುಜ ನೋಯುತ್ತದೆ ನಿಜ, ಪ್ರಾಣಭಯ ಇಲ್ಲ. ಬಿದ್ದ ಕೊನೆ ಹೊತ್ತು ತರುವುದು, ಉದುರಿದ ಅಡಿಕೆ ಹೆಕ್ಕುವುದು ಹೆಂಗಸರು.

ನನ್ನ ತಂಗಿ ಒಮ್ಮೆ ದೋಟಿ ಹಿಡಿದು ನೋಡಿದಳು. ಉದ್ದದ ಮರಕ್ಕೆ ಕಷ್ಟ ಆಯಿತು, ಗಿಡ್ಡ ಮರಗಳಿಗೆ ಆರಾಮಾಗಿ ತೆಗೆದಳು. ಮುಂದಿನ ಸುಗ್ಗಿಗೆ ಟೀಮಿಗೆ ಸೇರಿಸಿಕೊಳ್ಳೋಣ ಅಂದರೆ ನಮ್ಮ ಹುಡುಗರೇ 'ತೋಟದವರು ಒಪ್ಪಲ್ಲ ಬಿಡೋ' ಅಂತಿದ್ದಾರೆ.

ಮೆಟ್ಟುಗತ್ತಿ
ಸುಲಿಯುವ ಮಿಷನ್ ಬಂದಾಗಲೂ ಹೀಗೇ ಆಯಿತು. ಕೈಯಲ್ಲಿ ಸುಲಿಯುವಾಗ ಹೆಂಗಸರ ಕೆಲಸ. ಮಿಷನ್ ಬಂದ ಮೇಲೆ ಸ್ವಿಚ್ ಹಾಕುವವನು ಗಂಡಸು, ಅವನು ಆಪರೇಟರ್, ಅವನ ರೇಟು ಬೇರೆ. ಸರಿಯಾಗಿ ಸುಲಿಯದೇ ಬಂದದ್ದನ್ನು ಆರಿಸಿ ಮತ್ತೆ ಸುಲಿಯಲು ಪಕ್ಕದಲ್ಲಿ ಅಮ್ಮ.

ಕೊನೆಗಾರ ಸಾಗರ
ದೋಟಿಯವರು ನಮ್ಮ ರೇಟು ತಗೊಳ್ಳುವುದು ನನಗೂ ಸರಿ ಕಾಣುವುದಿಲ್ಲ ಬಿಡಿ. ಸುಗ್ಗಿಗೆ ನಿಮ್ಮ ತಂಗಿಯನ್ನು ಕರೆದುಕೊಂಡು ಬನ್ನಿ. ಗಿಡ್ಡ ಮರದ ತೋಟ ನಾನು ತೋರಿಸುತ್ತೇನೆ.

ತೋಟದಮನೆ
ಎಲ್ಲರದ್ದೂ ಓದಿದೆ. ಈಗ ಹೀಗೆ ಮಾಡುತ್ತಿದ್ದೇನೆ. ಗಂಡಾಳು, ಹೆಣ್ಣಾಳು ಅನ್ನುವ ಕಾಲಂ ತೆಗೆದು ಕೆಲಸದ ಹೆಸರು ಬರೆದಿದ್ದೇನೆ. ಗೊಬ್ಬರ ತುಂಬುವುದು, ಹೊರುವುದು, ಕಳೆ, ಸೊಪ್ಪು ಎಲ್ಲಕ್ಕೂ 600. ಕೊನೆ, ಔಷಧಿ ಬೇರೆ. ಸುಲಿದ ಅಡಿಕೆಗೆ ಡಬ್ಬ ಇಲ್ಲ, ತಕ್ಕಡಿ. ಇಬ್ಬರು ಗಂಡಾಳುಗಳು ಬೇಜಾರಾಗಿ ಬರುವುದು ಬಿಟ್ಟಿದ್ದಾರೆ. ಪಕ್ಕದ ಹಿರಿಯರು ಮಾತು ಬಿಟ್ಟಿಲ್ಲ, ಆದರೆ ಫೋನ್ ಮಾಡಿದಾಗಲೆಲ್ಲಾ ನಿಟ್ಟುಸಿರು. ವರ್ಷದ ಖರ್ಚು ಜಾಸ್ತಿ ಆಗುವುದು ಖಂಡಿತ. ನನ್ನ ಕೈಲಿ ಆಗುತ್ತದೆ, ಒಂದೆಕರೆಯವರ ಕೈಲಿ ಆಗುವುದಿಲ್ಲ ಅನ್ನುವುದೂ ಗೊತ್ತು.

ಒಂದೆಕರೆ
ಅಷ್ಟು ಅರ್ಥ ಮಾಡಿಕೊಂಡಿರಲ್ಲ, ಸಾಕು ತಂಗಿ.

ಗದ್ದೆಬದು
ಇದೆಲ್ಲಾ ಅಮ್ಮನಿಗೆ ಓದಿ ಹೇಳಿದೆ. ಅವರು ಹೇಳಿದ್ದನ್ನು ಟೈಪ್ ಮಾಡುತ್ತಿದ್ದೇನೆ.

ಅಮ್ಮ ಮತ್ತು ಕೇರಿಯ ಹೆಂಗಸರು ಸೇರಿ ನಾಟಿಯನ್ನು ಎಕರೆ ಲೆಕ್ಕದಲ್ಲಿ ಗುತ್ತಿಗೆ ಹಿಡಿಯುತ್ತಾರೆ. ದಿನಗೂಲಿಗೆ ಹೋಗುವುದು ಬಿಟ್ಟಿದ್ದಾರೆ. ಸಸಿ ಕೀಳುವುದು, ನೆಡುವುದು ಎರಡೂ ಅವರದೇ. ಬಂದ ದುಡ್ಡು ಸಮ ಹಂಚಿಕೆ. ವಯಸ್ಸಾದ ಒಬ್ಬರು ನಿಧಾನ, ಅವರಿಗೂ ಸಮವೇ. ಬೆಳಿಗ್ಗೆ ಬೇಗ ಇಳಿದು ಮುಗಿಸಿದರೆ ಎಂದಿನ ದಿನಗೂಲಿಗಿಂತ ಜಾಸ್ತಿ ಬೀಳುತ್ತದೆ. ಗದ್ದೆಯವರಿಗೂ ಲೆಕ್ಕ ಸುಲಭ, ತಲೆ ಎಣಿಸಬೇಕಾಗಿಲ್ಲ. 'ಹೆಣ್ಣಾಳಿಗೆ ಎಷ್ಟು ಅಂತ ಈಗ ನಮ್ಮನ್ನು ಯಾರೂ ಕೇಳಲ್ಲ. ಎಕರೆಗೆ ಎಷ್ಟು ಅಂತ ಕೇಳ್ತಾರೆ' ಅನ್ನುತ್ತಿದ್ದಾರೆ ಅಮ್ಮ.

ನೇರಮಾತು
ಇದು ಸರಿ. ಇದಕ್ಕೆ ನನ್ನ ತಕರಾರಿಲ್ಲ.

ಗೊರಬಲು
ಮಳೆ ಬರುತ್ತದೆ ಇವತ್ತು.

ಒಂದೆಕರೆ
ಗದ್ದೆಬದು, ಅಮ್ಮನ ಟೀಮು ರಿಪ್ಪನ್‌ಪೇಟೆ ಕಡೆ ಬರುತ್ತಾರಾ? ನನ್ನದು ಸಣ್ಣ ಗದ್ದೆ. ಎಷ್ಟು ಆಗುತ್ತದೆ?

ಗದ್ದೆಬದು
ಗದ್ದೆ ನೋಡದೆ ರೇಟು ಹೇಳುವುದಿಲ್ಲವಂತೆ. ಜವುಗು ಇದ್ದರೆ ಜಾಸ್ತಿ. ಜಿಗಣೆ ಇದ್ದರೆ ಮೊದಲೇ ಹೇಳಬೇಕಂತೆ. ಮತ್ತೆ ಕಾಫಿಗೆ ಹಾಲು ಹಾಕಬೇಕು, ಕಪ್ಪು ಕಾಫಿ ಕೊಟ್ಟರೆ ಎರಡನೇ ದಿನ ಬರುವುದಿಲ್ಲ ಅಂತ ಬರಿ ಅನ್ನುತ್ತಿದ್ದಾರೆ.